ದುಂಡಯ್ಯನ ಮನೆಮಾತು

ಚುನಾವಣೆ ಬಂದರೆ ಸತ್ತ ನಾಯಕರನ್ನು ಯಂತ್ರದಿಂದ ಮಾತಾಡುವ ಬೆಳಕಿನ ರೂಪದಲ್ಲಿ ವೇದಿಕೆಗೆ ಕರೆಸುವುದು ಎಲ್ಲ ಪಕ್ಷಗಳಿಗೂ ರೂಢಿಯಾಗಿತ್ತು. ದಲಿತರಿಗೆ ಹೋಟೆಲಿನೊಳಗೆ ಜಾಗ ಕೊಡಿಸಲು ಹೋರಾಡಿದ್ದ ದುಂಡಯ್ಯನಿಗೆ ಬೇಡಿಕೆ ಹೆಚ್ಚು. ಅವನ ಹೆಂಡತಿ ಚಿಕ್ಕತಾಯಮ್ಮ ಪಕ್ಷ ಯಾವುದೆಂದು ನೋಡದೆ ಪ್ರತಿ ಸಭೆಗೂ ಹೋಗುತ್ತಿದ್ದಳು.

ಕೊಳ್ಳೇಗಾಲದಲ್ಲಿ ಅವನು, "ಹೆದರದೆ ಪ್ರಶ್ನೆ ಕೇಳಿ" ಎಂದಾಗ ಅವಳು ಎದ್ದು ನಿಂತಳು.

"ಉಂಡ್ರಾ?"

ಜನ ನಕ್ಕರು. ದುಂಡಯ್ಯ ಕೈಮುಗಿದ. "ತಾಯಿ, ಹಸಿವಿಲ್ಲದ ನಾಡಿಗಾಗಿ ಈ ಪಕ್ಷಕ್ಕೇ ಮತ ಕೊಡಿ."

ಅವಳು ಕುಸಿದು ಕೂತಳು. ಪಕ್ಷದ ಕಾರ್ಯಕರ್ತ ಪಕ್ಕಕ್ಕೆ ಬಂದು ಸಮಾಧಾನ ಮಾಡಿದ. "ಅವರಿಗೆ ಭಾಷಣಗಳನ್ನಷ್ಟೇ ಕಲಿಸಿದ್ದೀವಿ ಅಜ್ಜಿ. ಮನೇಲಿ ಹೇಗೆ ಮಾತಾಡ್ತಿದ್ರು ಅಂತ ನೀವು ಹೇಳಿಕೊಟ್ರೆ, ನಾಳೆಯೇ ನಿಮ್ಮ ಗುರುತು ಹಿಡೀತಾರೆ."

ಚಿಕ್ಕತಾಯಮ್ಮ ವೇದಿಕೆಯನ್ನೇ ಬಹಳ ಹೊತ್ತು ನೋಡಿದಳು.

"ಬ್ಯಾಡ ಕಣಪ್ಪ," ಎಂದಳು. "ಆ ಮಾತ್ನೂ ಓಟು ಕೇಳಕ್ಕೆ ಬಳಸ್ಕತೀರಿ."