ಕೋಳಿ ಹೆಕ್ಕಿದ ಅಕ್ಕಿ

ಹೇಂಟೆಗೆ ಎರಡು ದಿನದಿಂದ ಒಂದು ಕಾಳೂ ಹಾಕಿಲ್ಲವೆಂಬುದು ಆ ಊರಿನಲ್ಲಿ ಗೊತ್ತಿದ್ದುದು ಸಲ್ಗಿ ಒಬ್ಬಳಿಗೇ. ಅದನ್ನು ಬುಟ್ಟಿಯಲ್ಲಿ ಮುಚ್ಚಿ ತಂದವಳೂ ಅವಳೇ.

ಸಮಾಧಿಗಲ್ಲುಗಳ ಬಯಲಿನಲ್ಲಿ ಊರಿಗೆ ಊರೇ ನೆರೆದಿತ್ತು. ಮುಂಡಾ ಬುಡಕಟ್ಟಿನ ಆ ಜನರಿಗೆ ಕಲ್ಲುಗಳೇ ಪಟ್ಟಾ; ಯಾರ ಹಿರಿಯರ ಮೂಳೆ ಕಲ್ಲಿನಡಿ ಇದೆಯೋ ನೆಲ ಅವರದು. ಗಣಿ ಕಂಪನಿಗೆ ಬೇಕಾಗಿದ್ದುದೂ ಅದೇ ನೆಲ. ಊರಿನ ಮಗಳೇ ಆದ ಸಲ್ಗಿ ಈಗ ಕಂಪನಿಯವಳು. ರಾಂಚಿಯಲ್ಲಿ ಮಾನವಶಾಸ್ತ್ರದ ಎಂ.ಎ. ಮುಗಿಸಿ, ಕೆಲಸಕ್ಕಾಗಿ ವರ್ಷಗಟ್ಟಲೆ ಚಪ್ಪಲಿ ಸವೆಸಿದ ಮೇಲೆ ಸಿಕ್ಕ ಹುದ್ದೆ. ನೆಲ ಬಿಟ್ಟುಕೊಡಲು ಊರನ್ನು ಒಪ್ಪಿಸಿದರೆ ಖಾಯಂ, ಇಲ್ಲದಿದ್ದರೆ ಮನೆ ದಾರಿ. ಊರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಹಾಗಾದರೆ ಅವರ ಹಿರಿಯರನ್ನೇ ಕೇಳಿಸಿ ಎಂದು ಕಂಪನಿ ಸಾಹೇಬರಿಗೆ ಹೇಳಿಕೊಟ್ಟವಳು ಸಲ್ಗಿಯೇ. ಕೋಳಿ ಅಕ್ಕಿ ಹೆಕ್ಕಿದರೆ ಹಿರಿಯರು ಒಪ್ಪಿದಂತೆ. ಎಂ.ಎ.ಗೆ ಅವಳು ಪ್ರಬಂಧ ಬರೆದದ್ದೇ ಈ ಪದ್ಧತಿಯ ಮೇಲೆ.

"ಮನುಷ್ಯರ ಬಗ್ಗೆ ಓದೋಕೆ ರಾಂಚಿಗ್ಯಾಕೆ ಹೋದ್ಯೇ? ನಾವು ಇಲ್ಲೇ ಬಿದ್ದಿದ್ವಲ್ಲ!" ಮುದುಕಿಯೊಬ್ಬಳು ಕಿಚಾಯಿಸಿದಳು. ಎಲ್ಲರೂ ನಕ್ಕರು. ಸಲ್ಗಿಗೆ ನಗಲು ಆಗಲಿಲ್ಲ.

ಊರ ಪೂಜಾರಿ ಜಿತು ಪಹಾನ್ ಅವಳ ಸ್ವಂತ ಚಿಕ್ಕಪ್ಪ. ಮಿಂದು ಬಂದಿದ್ದ. ಅಕ್ಕಿಯನ್ನು ಕಲ್ಲಿನ ಮೇಲಿಟ್ಟು ಹಿರಿಯರಿಗೆ ಕೈಮುಗಿದ.

"ನಮಗೆ ಹೋಗೋಕೆ ಮನಸ್ಸಿಲ್ಲ. ಆದ್ರೆ ನೀವು ಹೇಳಿದಂಗೆ ನಾವು. ಒಪ್ಪಿಗೆಯಿದ್ರೆ ತಿನ್ನಿಸಿ, ಇಲ್ಲಾಂದ್ರೆ ಬಿಡಿ."

ಬುಟ್ಟಿ ತೆರೆದದ್ದೇ ತಡ, ಹೇಂಟೆ ಓಡಿಬಂದು ಹೆಕ್ಕತೊಡಗಿತು. ಕೊನೆಯ ಕಾಳು ಮುಗಿಯುವವರೆಗೂ ತಲೆ ಎತ್ತಲಿಲ್ಲ.

ಕಿಚಾಯಿಸಿದ ಮುದುಕಿಯೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಿರಿಯರಿಗೆ ಏನ್ ಆತುರ ನೋಡ್ರೋ! ಸುಮ್ನೆ ನಾವೇ ಹಟ ಹಿಡಿದು ಕೂತಿದ್ವಿ."

ಸಲ್ಗಿಯ ಕೆಲಸ ಇನ್ನು ಖಾಯಂ ಆದಂತೆಯೇ. ಆದರೆ ಅವಳಿಗೆ, ಅಯ್ಯೋ, ಚಿಕ್ಕಪ್ಪ ಒಮ್ಮೆ ಬೈದಾದರೂ ಬೈಯಬಾರದೇ ಎನಿಸಿತು.

ಚಿಕ್ಕಪ್ಪ ಬೈಯಲಿಲ್ಲ. ಹತ್ತಿರ ಬಂದು ಅವಳ ತಲೆ ಸವರಿದ.

"ಬಾ ಮಗಳೇ. ಮೂಳೆ ಎತ್ತೋದನ್ನ ನಿಮ್ಮವ್ವನ ಕಲ್ಲಿಂದ್ಲೇ ಶುರುಮಾಡೋಣ. ಎಲ್ಲಿಗೆ ಕರ್ಕೊಂಡು ಹೋಗ್ತಿದ್ದೀವಿ ಅಂತ ಅವಳಿಗೆ ನೀನೇ ಹೇಳು. ನಿನ್ನ ಮಾತಾದ್ರೆ ನಂಬಿ ಬರ್ತಾಳೆ."

ಸಲ್ಗಿ ಅವ್ವನ ಕಲ್ಲಿನ ಮೇಲೆ ಬಗ್ಗಿದಳು. ಎಲ್ಲಿಗೆ ಎಂದು ಕಂಪನಿ ಅವಳಿಗೂ ಹೇಳಿರಲಿಲ್ಲ.