ಒಂದೇ ಕೈಚೀಲ

"ಕೋಟು ಬಿಚ್ಚು," ಎಂದರು ಸಾಲೋಮನ ಮಾಸ್ತರು.

ದೇಬೋರಾ ಬಿಚ್ಚಿಕೊಟ್ಟಳು. ಮಾಸ್ತರು ಹೆಂಡತಿಯ ಆ ಬೂದು ಕೋಟಿನ ಎರಡೂ ಕಿಸೆಗಳನ್ನು ತಡಕಾಡಿದರು. ಖಾಲಿ. ಮೂಸಿ ನೋಡಿದರು. ಶೇಂಗಾ ವಾಸನೆಯೂ ಇಲ್ಲ, ಬರೀ ಟ್ರಂಕಿನ ವಾಸನೆ.

"ಹೋಳಿಗಿ ಎಲ್ಲಿ ಅದಾವ?"

"ಯಾವ ಹೋಳಿಗಿ ರೀ?"

"ಎಕಂಬಾದಿಂದ ನಿನ್ನ ತಂಗಿ ಕಳಿಸಿದ ಶೇಂಗಾ ಹೋಳಿಗಿ. ಎರಡು ಡಬ್ಬಿ ಇದ್ವು. ಈಗ ಒಂದೂ ಇಲ್ಲ."

"ಖರ್ಚಾದ್ವು."

ಮನೆಯಲ್ಲಿ ಇರುವವರು ಇಬ್ಬರು. ಅದರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ಎರಡು ಡಬ್ಬಿ ಹೇಗೆ ಖರ್ಚಾದಾವು? ಔರಾದದ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ, ಪರೀಕ್ಷೆಯಲ್ಲಿ ಹುಡುಗರ ಬನಿಯನ್ನಿನೊಳಗಿನ ಚೀಟಿ ಹಿಡಿದ ಮಾಸ್ತರು ಇವರು. ಹೆಂಡತಿ ಏನೋ ಕದ್ದೊಯ್ಯುತ್ತಿದ್ದಾಳೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಮರುದಿನ ಬೀದರದಿಂದ ಹೊರಡುವುದಿತ್ತು. ಮಗಳು ಶೀಬಾ ಐರ್ಲೆಂಡಿನ ಕಾರ್ಕ್ ಊರಿನಲ್ಲಿ ನರ್ಸು. ಮೊದಲ ಕೂಸು ಹುಟ್ಟುವ ಮುಂಚೆಯೇ ತೀರಿಹೋಗಿತ್ತು. ಎರಡನೆಯದು ಈಗ ನೆಟ್ಟಗೆ ಹುಟ್ಟಿದೆ. ಬರುವ ರವಿವಾರ ದೀಕ್ಷಾಸ್ನಾನ. ಶೀಬಾ ಫೋನಿನಲ್ಲಿ ಕೇಳಿದ್ದು ಒಂದೇ. "ಬಂಗಾರ ಏನೂ ಬ್ಯಾಡ ಪಪ್ಪಾ. ಆಯಿ ಹೊಲಿದ ಕೌದಿ ತರ್ರಿ. ಹೋದ ಸಲ ಅದು ಇರಲಿಲ್ಲ. ನನಗ ಅಂಜಿಕಿ ಆಗ್ತದ."

ಆ ಕೌದಿ ಮಾಸ್ತರ ತಾಯಿ ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದದ್ದು. ನಟ್ಟನಡುವೆ ಆಕೆಯ ಮದುವೆಯ ಹಸಿರು ಸೀರೆಯ ಚೌಕ. ಮಾಸ್ತರು, ಆಮೇಲೆ ಶೀಬಾ, ಮನೆಯ ಪ್ರತಿಯೊಂದು ಕೂಸೂ ಮೊದಲು ಮಲಗಿದ್ದು ಅದರ ಮೇಲೆಯೇ.

ಆದರೆ ಮಾಸ್ತರು ಲಂಡನ್ನಿನಿಂದ ಮುಂದಕ್ಕೆ ಅಗ್ಗದ ವಿಮಾನದ ಟಿಕೆಟ್ಟು ತೆಗೆಸಿದ್ದರು. ಟಿಕೆಟ್ಟಿನ ಬೆಲೆ ನೋಡಿ ಓಣಿಯವರನ್ನೆಲ್ಲ ಕರೆದು ತೋರಿಸಿದ್ದೂ ಆಗಿತ್ತು. ನಿಯಮ ಓದಿದ್ದು ಆಮೇಲೆ. ಕಿಟಕಿ ಬೇಕೆಂದರೆ ರೊಕ್ಕ. ನೀರಿಗೆ ರೊಕ್ಕ. ಕುರ್ಚಿಯ ಬೆನ್ನು ಹಿಂದಕ್ಕೆ ವಾಲುವುದಿಲ್ಲ. ಪುಕ್ಕಟೆ ಒಯ್ಯಬಹುದಾದದ್ದು ತಲೆಗೊಂದೇ ಕೈಚೀಲ: ನಲವತ್ತು, ಮೂವತ್ತು, ಇಪ್ಪತ್ತು ಸೆಂಟಿಮೀಟರು. ಮೀರಿದರೆ ಎಪ್ಪತ್ತು ಪೌಂಡು ದಂಡ.

ಹಿಂದಿನ ತಿಂಗಳೇ ಮಾಸ್ತರು ಅದೇ ಅಳತೆಯ ಪ್ಲೈವುಡ್ ಡಬ್ಬಿ ಮಾಡಿಸಿ ಪಡಸಾಲೆಯಲ್ಲಿಟ್ಟರು. ಕೌದಿ ಅದರಲ್ಲಿ ಅರ್ಧ ಇಳಿಯಿತು, ಅರ್ಧ ಮೇಲೆ ಉಬ್ಬಿ ನಿಂತಿತು.

"ಹಳೇ ಕೌದಿಗಿ ಎಂಟು ಸಾವಿರ ದಂಡ ಕಟ್ಟಲೇನು? ಬಿಟ್ಟು ನಡಿ," ಎಂದರು. ಅಂದ ಮೇಲೆ ಆ ಹಸಿರು ಚೌಕವನ್ನೊಮ್ಮೆ ಸವರಿದರು. ಆದರೆ ಮಾಸ್ತರು ಆಡಿದ ಮಾತು ಹಿಂದಕ್ಕೆ ತಗೊಂಡದ್ದು ಯಾರೂ ಕಂಡಿಲ್ಲ.

ದೇಬೋರಾ ವಾದಿಸಲಿಲ್ಲ. ಸಂಶಯಕ್ಕೆ ಅಷ್ಟೇ ಸಾಕಿತ್ತು. ಮರುದಿನ ಕೌದಿ ಗಂಟು ಕಟ್ಟಿಕೊಂಡು ಭಾಲ್ಕಿಯ ಬಸ್ಸು ಹತ್ತಿದಳು.

"ಗೆಳತಿ ಹೀರಾಬಾಯಿ ಕೈಯಾಗ ಕೊಟ್ಟ ಬಂದೀನ್ರಿ. ಆಕಿ ಸಂಭಾಳಸ್ತಾಳ," ಎಂದಳು ಬಂದ ಮೇಲೆ. ಎಂಟು ದಿನ ಬಿಟ್ಟು ಮತ್ತೆ ಭಾಲ್ಕಿಗೆ ಹೋದವಳು ಈ ಕೋಟು ತಂದಳು. ತೋಳಿಲ್ಲ, ಮೊಳಕಾಲಿನ ಕೆಳಗಿನವರೆಗೆ ಉದ್ದ, ಮುಟ್ಟಿದರೆ ದಪ್ಪ.

"ಇದರಾಗ ಹತ್ತಿ ತುಂಬಿಸಿದಿ ಏನು?"

"ಹತ್ತಿ ಅಲ್ಲ ರೀ, ಹಳೇ ಅರಿವಿ. ಮೈಮ್ಯಾಲ ಹಾಕ್ಕೊಂಡಿದ್ದಕ್ಕೂ ಅಳತಿ ಅದ ಏನು?"

"ಇಲ್ಲ. ನಿಯಮ ಪೂರಾ ಓದೀನಿ."

"ಹಂಗಾರ ಛಲೋ ಆಯ್ತು," ಎಂದಳು ದೇಬೋರಾ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಜನ ಆ ಕೋಟು ನೋಡಿ ನಕ್ಕರು. ಮಾಸ್ತರು ನಾಚಿ ಹತ್ತು ಹೆಜ್ಜೆ ಮುಂದೆ ನಡೆದರು. ಲಂಡನ್ನಿನ ಗೇಟಿನಲ್ಲಿ ಚೀಲ ಅಳೆಯುವ ಕಬ್ಬಿಣದ ಚೌಕಟ್ಟು ಕಾಯುತ್ತಿತ್ತು. ದೇಬೋರಾಳ ಚೀಲ ಸರ್ರನೆ ಇಳಿಯಿತು. ಮಾಸ್ತರದು ನಡುವೆ ಸಿಕ್ಕಿಕೊಂಡಿತು. ಗುದ್ದಿದರು, ಹೊರಳಿಸಿದರು, ಆಗಲಿಲ್ಲ. ಕೊನೆಯ ದಿನ ಅದರಲ್ಲಿ ಒಂದು ದಪ್ಪ ಫೈಲು ತುರುಕಿದ್ದರು: ಬೋರ್ಡಿಂಗ್ ಪಾಸಿನ ನಾಲ್ಕು ನಾಲ್ಕು ಝೆರಾಕ್ಸು, ಪ್ರತಿಯೊಂದಕ್ಕೂ ಬೀದರದ ಗೆಜೆಟೆಡ್ ಅಧಿಕಾರಿಯ ಸಹಿ, ಶಿಕ್ಕಾ. ಗೇಟಿನ ಹುಡುಗಿ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ದೇಬೋರಾಳ ಮೊಬೈಲಿನಲ್ಲಿದ್ದ ಪಾಸು ನೋಡಿ ಅವಳನ್ನು ಒಳಗೆ ಬಿಟ್ಟಳು, ಮಾಸ್ತರಿಂದ ಎಪ್ಪತ್ತು ಪೌಂಡು ತಗೊಂಡಳು.

"ಫೈಲಿನ ಬದಲು ಕೌದಿ ತಂದಿದ್ರೂ ಅಷ್ಟೇ ದಂಡ ಆಗ್ತಿತ್ತಲ್ಲ," ಎಂದರು ಮಾಸ್ತರು, ಒಳಗೆ ಕುಳಿತ ಮೇಲೆ. ಕುರ್ಚಿ ವಾಲಲಿಲ್ಲ, ಮಾಸ್ತರು ಹೆಂಡತಿಯ ಹೆಗಲ ಮೇಲಿನ ಅದೇ ದಪ್ಪ ಕೋಟಿಗೆ ತಲೆಯಿಟ್ಟರು. ಯಾಕೋ ಏನೋ, ಸಣ್ಣ ಹುಡುಗನ ಹಾಗೆ ಬಾಯಿ ತೆರೆದು ನಿದ್ದೆಹೋದರು.

ಕಾರ್ಕಿನಲ್ಲಿ ಶೀಬಾ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಅಪ್ಪ ಅವ್ವ ಇಬ್ಬರ ಕೈಯಲ್ಲೂ ಒಂದೊಂದೇ ಸಣ್ಣ ಚೀಲ. ಅದನ್ನು ನೋಡಿ ಅವಳ ಕಣ್ಣು ತುಂಬಿದವು.

"ನಾನೇ ಬ್ಯಾಡ ಅಂದೆ, ಶೀಬಾ. ತಪ್ಪು ನಂದದ," ಎಂದರು ಮಾಸ್ತರು. ಹುಟ್ಟಿದಾಗಿನಿಂದ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

"ಕತ್ತರಿ ಕೊಡವ್ವಾ," ಎಂದಳು ದೇಬೋರಾ ಮಗಳಿಗೆ. ಕೋಟು ಬಿಚ್ಚಿ ಮಂಚದ ಮೇಲಿಟ್ಟು ಅಂಚಿನ ದಾರಕ್ಕೆ ಕತ್ತರಿ ಹಾಕಿದಳು.

"ಹೊಸಾ ಕೋಟು ಯಾಕ ಹಾಳ್ ಮಾಡ್ತಿ?" ಎಂದರು ಮಾಸ್ತರು.

"ಹೋಳಿಗಿ ಎಲ್ಲಿ ಹೋದ್ವು ಅಂತ ಕೇಳಿದ್ರಲ್ಲ. ಹೀರಾಬಾಯಿಗಿ ಹೊಲಿಗಿ ಕೂಲಿ ಅಂತ ಅವನ್ನೇ ಕೊಟ್ಟೀನ್ರಿ."

ಮೇಲಿನ ಬೂದು ಬಟ್ಟೆ ಕಳಚಿಬಿತ್ತು. ಮಡಿಕೆ ಬಿಚ್ಚಿ ಹಾಸಿದ ಕೋಟಿನ ನಟ್ಟನಡುವೆ ಮಾಸ್ತರ ತಾಯಿಯ ಹಸಿರು ಸೀರೆಯ ಚೌಕವಿತ್ತು.