ಹದಿಮೂರರ ಚೀಟಿ

ಮರದಿಂದ ಇಳಿಯುತ್ತಿದ್ದ ತಮ್ಮನ ಕಾಲು ಇನ್ನೂ ನೆಲಕ್ಕೆ ತಾಗಿರಲಿಲ್ಲ, ಅಕ್ಕ ಕೇಳಿಯೇಬಿಟ್ಟಳು.

“ಅವರಿಗೆ ಕದ್ದುಮುಚ್ಚಿ ಕುಡಿಸ್ತಿರೋನು ನೀನೇ ತಾನೆ?”

ತಮ್ಮ ಸೊಂಟದ ಗಡಿಗೆ ಬಿಚ್ಚಿ ಕೆಳಗಿಟ್ಟ. ದಿನಕ್ಕೆ ಮೂವತ್ತು ತಾಳೆಮರ ಹತ್ತಿ ರಸ ಇಳಿಸುವ ಗಟ್ಟಿ ಆಳು. ಅಕ್ಕನ ಮುಂದೆ ಮಾತ್ರ ಇಲಿಮರಿ. ಮೂರು ತಿಂಗಳ ಹಿಂದೆ ಇಲ್ಲೇ ನಿಂತು ಅವಳು ಅಪ್ಪಣೆ ಕೊಟ್ಟಿದ್ದಳು: ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ, ನಿನ್ನ ಮರದ್ದು ಇನ್ನು ಭಾವನ ಬಾಯಿಗೆ ಬೀಳಕೂಡದು. ಯಾಕೆ ಏನು ಎಂದು ತಮ್ಮ ಕೇಳಲಿಲ್ಲ. ಇಪ್ಪತ್ತು ವರ್ಷ ದಿನಾ ಸಂಜೆ ಹೆಂಡದ ಗಡಿಗೆ ಖಾಲಿ ಮಾಡಿದ ಮನುಷ್ಯನಿಗೆ ಡಾಕ್ಟರು ಮತ್ತೇನು ಹೇಳಿಯಾರು?

ನಿನ್ನೆ ಭಾವ ಬಚ್ಚಲಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರು. ಈಗ ಆಸ್ಪತ್ರೆಯಲ್ಲಿದ್ದಾರೆ. ಕಾಲಿನ ಹುಣ್ಣು ಮಾಯದೆ ಕಪ್ಪಾಗಿದೆ. ಕಾಲು ಉಳಿಸುವುದೋ ತೆಗೆಯುವುದೋ ಇವತ್ತು ಸಂಜೆ ತೀರ್ಮಾನ. ಇಷ್ಟು ಔಷಧಿ ಕೊಟ್ಟೂ ಹೀಗಾಗಬೇಕಾದರೆ ಹೊಟ್ಟೆಗೆ ಕದ್ದು ಏನೋ ಹೋಗುತ್ತಿದೆ ಎಂದು ಡಾಕ್ಟರೇ ಅಂದರಂತೆ.

“ಹೆಂಡ ಒಂದು ತೊಟ್ಟೂ ಕೊಟ್ಟಿಲ್ಲ ಅಕ್ಕ. ನನ್ನ ಮಕ್ಕಳಾಣೆ.”

“ಅವರ ಕಾಲು ಹೋದ್ರೆ ನೀನು ನನ್ನ ತಮ್ಮನೇ ಅಲ್ಲ,” ಎಂದು ಅಕ್ಕ ತಿರುಗಿ ನೋಡದೆ ಹೊರಟಳು.

ಆಣೆ ಸುಳ್ಳಲ್ಲ. ಕೊಟ್ಟಿದ್ದಂತೂ ಹೌದು, ಹೆಂಡವನ್ನಲ್ಲ. ಅಪ್ಪಣೆಯಾದ ಎರಡನೇ ದಿನವೇ ಭಾವ ಜೋಲು ಮುಖ ಹೊತ್ತು ಬಂದಿದ್ದರು. ತಮ್ಮನ ಕರುಳು ಚುರುಕ್ ಎಂದಿತ್ತು. ಒಂದು ಮರವನ್ನು ಅವರಿಗೆಂದೇ ಬಿಟ್ಟು, ಗಡಿಗೆಯ ಒಳಗೆಲ್ಲ ಸುಣ್ಣ ಬಳಿದು ಕಟ್ಟಿದ. ಸುಣ್ಣವಿದ್ದರೆ ರಸ ಹುಳಿಯಾಗುವುದಿಲ್ಲ, ಅಮಲೇರುವುದಿಲ್ಲ. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಅಕ್ಕನಿಗೆ ಹೇಳಬೇಡ, ಸುಮ್ಮನೆ ಅನುಮಾನ ಪಡುತ್ತಾಳೆ ಎಂದಿದ್ದರು ಭಾವ. ಈಚೆಗೆ ಅವರಿಗೆ ಎಷ್ಟು ಕುಡಿದರೂ ತೀರದ ಬಾಯಾರಿಕೆ. ಹೆಂಡ ಬಿಟ್ಟವರಿಗೆ ಹಾಗೇ ಆಗುವುದೇನೋ ಎಂದು ಪಾಪ, ಮೂರನೇ ಚೊಂಬನ್ನೂ ಕೊಟ್ಟಿದ್ದ.

ಈಗ ಅವನಿಗೇ ಅನುಮಾನ ಹುಟ್ಟಿತು. ಸುಣ್ಣ ಸಾಲದೆ ಹೋಯಿತೇ? ತನಗೇ ತಿಳಿಯದಂತೆ ರಸ ಹೆಂಡವಾಗಿತ್ತೇ?

ಭಾವನ ಗಡಿಗೆಯನ್ನೇ ಹೊತ್ತು ಸಕ್ಕರೆ ಕಾರ್ಖಾನೆಗೆ ಓಡಿದ. ಬಾಗಿಲಲ್ಲಿ ಕಬ್ಬಿನ ರಸದ ಸಕ್ಕರೆ ಅಳೆಯುವವನು ಕೂತಿದ್ದ. ತಾಳೆಯ ಹೊಸ ರಸದಲ್ಲಿ ನೂರಕ್ಕೆ ಹದಿಮೂರು ಪಾಲು ಸಕ್ಕರೆ. ಹುಳಿಯುತ್ತ ಹೋದಂತೆ ಅದೇ ಸಕ್ಕರೆ ಅಮಲಾಗಿ, ಲೆಕ್ಕ ಮೂರಕ್ಕೋ ನಾಲ್ಕಕ್ಕೋ ಇಳಿಯುತ್ತದೆ. ಇಳಿದಿದ್ದರೆ ಭಾವನ ಕಾಲು ತೆಗೆಸಿದ ಪಾಪ ತನ್ನದೇ.

ಅಳೆಯುವವನು ಅಳೆಯುವ ಕೊಳವೆಯ ಗಾಜಿನ ಮೇಲೆ ಒಂದು ಹನಿ ಬಿಟ್ಟು, ಅದನ್ನು ಬೆಳಕಿಗೆ ಹಿಡಿದ. ಒಂದು ಕಣ್ಣು ಮುಚ್ಚಿದ. ಒರೆಸಿ ಮತ್ತೆ ನೋಡಿದ.

“ಹದಿಮೂರು,” ಎಂದ ಅವನು. “ಮಧ್ಯಾಹ್ನದ ಈ ಬಿಸಿಲಲ್ಲೂ ಚೂರೂ ಇಳಿದಿಲ್ವಲ್ಲ ಮಾರಾಯ.”

ತಮ್ಮ ಅದನ್ನು ಚೀಟಿಯಲ್ಲಿ ಬರೆಸಿಕೊಂಡ. ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ವಾರ್ಡಿನ ಹೊರಗೆ ಅಕ್ಕನೂ ಡಾಕ್ಟರಮ್ಮನೂ ನಿಂತಿದ್ದರು. ಅಕ್ಕ ಮುಖ ತಿರುಗಿಸಿದಳು. ಅವನು ಚೀಟಿಯನ್ನು ಡಾಕ್ಟರಮ್ಮನ ಕೈಗಿಟ್ಟು, ಸುಣ್ಣ, ಗಡಿಗೆ, ದಿನಕ್ಕೆ ಮೂರು ಚೊಂಬು, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ.

“ಹದಿಮೂರು ಅಂದ್ರೆ ಏನು?” ಎಂದರು ಡಾಕ್ಟರಮ್ಮ.

“ಸಕ್ಕರೆ, ಡಾಕ್ಟರೇ. ನೂರಕ್ಕೆ ಹದಿಮೂರು. ಅಮಲಿನ ಸೋಂಕೂ ಇಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.”

ಡಾಕ್ಟರಮ್ಮ ಚೀಟಿಯನ್ನು ಅಕ್ಕನ ಕೈಗಿಟ್ಟರು. ಅಕ್ಕ ಅದನ್ನು ಓದಿ ತಮ್ಮನ ಕಡೆ ತಿರುಗಿದಳು.

“ಅವರಿಗಿರೋದು ಸಕ್ಕರೆ ಕಾಯಿಲೆ ಕಣೋ.”